ಮೂರನೆಯ ಉತ್ತರ

“ಮೈಯೊಳಗೆ ಅವನನ್ನ ಇಟ್ಕೊಂಡಿರೋಳು ಅವನನ್ನ ಬಿಟ್ಟೆ ಅಂತ ಹೆಂಗೆ ಹೇಳ್ತಾಳೆ ಉಪದೇಶಿಗಳೇ? ನೀವೇ ಒಂದ್ ಮಾತು ಹೇಳಿ,” ಅಂದರು ಮದಲೇನಮ್ಮ. ತರೀಕೆರೆಯಿಂದ ಬೆಳಗಿನ ಬಸ್ಸಿಗೆ ಬಂದು, ಬಾಣಂತಿ ಮಗಳನ್ನೂ ಮಗುವನ್ನೂ ಅಳಿಯನ ಮನೆಗೆ ಕಳಿಸಿ, ನಮ್ಮ ಜಗಲಿಯ ಮೇಲೆ ಕೂತಿದ್ದರು. ಕೈಚೀಲ ಕೆಳಗಿಟ್ಟಿರಲಿಲ್ಲ, ನನ್ನ ಹೆಂಡತಿ ಕೊಟ್ಟ ಕಾಫಿ ಮುಟ್ಟಿರಲಿಲ್ಲ.

ಅವನು ಅಂದರೆ ಸೈತಾನ. ಅವಳು ಅಂದರೆ ಫಿಲೋಮಿನಾ, ಮದಲೇನಮ್ಮನ ಅಳಿಯ ರಾಯಪ್ಪನ ಅಕ್ಕ. ಮಾರನೆಯ ದಿನ ಭಾನುವಾರ ರಾಯಪ್ಪನ ಮಗುವಿಗೆ ನಮ್ಮ ಅಜ್ಜಂಪುರದ ಚರ್ಚಿನಲ್ಲಿ ಜ್ಞಾನಸ್ನಾನ, ತಲೆಗೆ ನೀರು ಹುಯ್ದು ಸಭೆಗೆ ಸೇರಿಸಿಕೊಳ್ಳುವ ವಿಧಿ. ನಮ್ಮಲ್ಲಿ ಚೊಚ್ಚಲ ಮಗುವಿಗೆ ಸೋದರತ್ತೆಯೇ ಜ್ಞಾನತಾಯಿ ಆಗುವುದು ರೂಢಿ. ಮಗುವನ್ನೆತ್ತಿಕೊಂಡು ನೀರಿನ ತೊಟ್ಟಿಯ ಮುಂದೆ ನಿಂತು, ಫಾದರ್ ಕೇಳುವ ಪ್ರಶ್ನೆಗಳಿಗೆ ಮಾತು ಬಾರದ ಮಗುವಿನ ಪರವಾಗಿ ಉತ್ತರ ಕೊಡಬೇಕಾದವಳು ಅವಳು. ಸೈತಾನನನ್ನು ತ್ಯಜಿಸುತ್ತೀಯಾ? ಅವನ ಕೆಲಸಗಳನ್ನೆಲ್ಲ ತ್ಯಜಿಸುತ್ತೀಯಾ? ಅವನ ಪೊಳ್ಳು ಮಾತುಗಳನ್ನೆಲ್ಲ ತ್ಯಜಿಸುತ್ತೀಯಾ? ಮೂರಕ್ಕೂ ಒಂದೇ ಉತ್ತರ, ತ್ಯಜಿಸುತ್ತೇನೆ. ತಂದೆತಾಯಿ ಹಿಂದೆ ನಿಂತು ದನಿಗೂಡಿಸಿದರೂ ಊರಿನ ಕಿವಿ ಕಾಯುವುದು ಜ್ಞಾನತಾಯಿಯ ದನಿಗೆ.

ಫಿಲೋಮಿನಾಗೆ ಏಳನೇ ವಯಸ್ಸಿನಿಂದ ಮೂರ್ಛೆ ರೋಗ. ತಿಂಗಳಿಗೊಂದು ಸಲ, ಕೆಲವೊಮ್ಮೆ ಎರಡು ಸಲ ಬೀಳುತ್ತಿದ್ದಳು. ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಕಾಲು ಗಂಟೆಯಲ್ಲಿ ಎದ್ದು ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಕಡೂರಿನ ಡಾಕ್ಟರು ಮಾತ್ರೆ ಕೊಟ್ಟ ಮೇಲೆ ಎಷ್ಟೋ ಕಡಿಮೆಯಾಗಿತ್ತು. ಆದರೆ ಹೆಣ್ಣು ನೋಡಲು ಬಂದ ಮೂರು ಮನೆಯವರೂ ಸುದ್ದಿ ತಿಳಿದು ವಾಪಸಾಗಿದ್ದರು. ಇಪ್ಪತ್ತಾರಾಗಿತ್ತು. ರಾಯಪ್ಪನ ಹೆಂಡತಿ ಸೆಲಿನಾ ಬಸುರಿಯಾದ ದಿನವೇ ಫಿಲೋಮಿನಾ ನನ್ನ ಹತ್ತಿರ, ಇನ್ನು ನನ್ನ ತೋಳಿಗೆ ಮಗು ಅಂತ ಬಂದರೆ ಇದೊಂದೇ ಮಾವ ಅಂತ ಹೇಳಿದ್ದಳು.

ಈಗ ಮದಲೇನಮ್ಮ ಆ ಒಂದನ್ನೂ ತಪ್ಪಿಸಲು ಬಂದಿದ್ದರು. ತರೀಕೆರೆಯ ಯಾರದೋ ಮನೆಯಲ್ಲಿ ಜಪಕೂಟ ನಡೆದಿತ್ತಂತೆ. ಹೊರಗಿನಿಂದ ಬಂದ ಬೋಧಕನೊಬ್ಬ, ಬಿದ್ದು ಒದ್ದಾಡುವವರ ಮೈಯೆಲ್ಲ ಸೈತಾನನ ಬಾಡಿಗೆ ಮನೆ ಅಂತ ಕೂಗಿ ಹೇಳಿದನಂತೆ. ಅಂಥವಳು ತ್ಯಜಿಸುತ್ತೇನೆ ಅಂದರೆ ಅದು ಯಾರ ಮಾತು, ಅವಳದೋ ಅವನದೋ? ಆ ಉತ್ತರದ ಮೇಲೆ ಸುರಿದ ನೀರು ಮಗುವಿಗೆ ಹತ್ತುತ್ತದೋ ಇಲ್ಲವೋ? ಇದು ಅವರ ಸಂಕಟ. ಕೆಟ್ಟ ಹೆಂಗಸಲ್ಲ. ಮೊಮ್ಮಗಳ ಆತ್ಮದ ಚಿಂತೆ ನಿಜವಾಗಿಯೇ ಇತ್ತು.

ನಾನು ಮಾಡಿದ ತಪ್ಪು ಇಲ್ಲಿಂದ ಶುರು. ನಾನು ಓದಿದ್ದು ನಾಲ್ಕನೇ ಕ್ಲಾಸು, ಮಾಡುವುದು ಗಾರೆ ಕೆಲಸ. ಆದರೆ ಫಾದರ್ ತರೀಕೆರೆಯಿಂದ ಎರಡು ವಾರಕ್ಕೊಮ್ಮೆ ಬರುವ ಮೂವತ್ತು ಕ್ರೈಸ್ತ ಮನೆಯ ಊರಿನಲ್ಲಿ ಉಪದೇಶಿ ಅಂದರೆ ಅರ್ಧ ಗುರು. ಜಪ ಹೇಳಿಕೊಡುವವನು ನಾನು, ಗಂಟೆ ಹೊಡೆಯುವವನು ನಾನು, ಸಂದೇಹ ಕೇಳಿದರೆ ಗೊತ್ತಿಲ್ಲ ಅನ್ನಲು ಬಾಯಿ ಬಾರದವನೂ ನಾನೇ. ಗಡ್ಡ ಕೆರೆದುಕೊಂಡು ಹೇಳಿಬಿಟ್ಟೆ: “ಬಾಯಿ ಹೇಳಿದ್ರೆ ಸಾಲದು ಅಮ್ಮ. ಒಳಗಿರೋನು ಒಪ್ಪಬೇಕು.”

“ಅಷ್ಟೇ ನಂಗೆ ಬೇಕಾಗಿದ್ದು,” ಅಂದರು ಮದಲೇನಮ್ಮ. ಆಮೇಲೆ ಕಾಫಿ ಕುಡಿದರು. ನಾಳೆ ಸೆಲಿನಾಳ ಚಿಕ್ಕಮ್ಮ ಮಗುವನ್ನೆತ್ತಿಕೊಳ್ಳಲಿ, ಆ ಹುಡುಗಿಗೆ ನೀವೇ ಹೋಗಿ ತಿಳಿಸಿ ಅಂತ ನನ್ನ ತಲೆಗೆ ಕಟ್ಟಿ ರಾಯಪ್ಪನ ಮನೆಗೆ ಹೋದರು.

ಬಸ್ ಸ್ಟ್ಯಾಂಡಿನ ಎದುರು ಹುಸೇನ್ ಸಾಬರ ಸೈಕಲ್ ಅಂಗಡಿ. ಅದರ ಅರ್ಧ ಭಾಗದಲ್ಲಿ ಫಿಲೋಮಿನಾಳ ಹೊಲಿಗೆ ಮಿಷಿನ್ನು. ನಾನು ಹೋದಾಗ ಮಗುವಿನ ಬಿಳಿ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದಳು. ಜ್ಞಾನಸ್ನಾನದ ಬಿಳಿ ಬಟ್ಟೆ ಜ್ಞಾನತಾಯಿಯೇ ತರಬೇಕು. ಅಂಗಿಗೆ ಜೊತೆಯಾಗಿ ಲೇಸಿನ ಟೋಪಿಯೂ ಮೊಣಕಾಲ ಮೇಲಿತ್ತು. ನಾನು ಸುತ್ತಿ ಬಳಸಿ ವಿಷಯ ಹೇಳಿದೆ. ಊರಿನ ನೆಮ್ಮದಿ ಅಂದೆ, ಬಾಣಂತಿಯ ಮನಸ್ಸು ಅಂದೆ, ಮುಂದಿನ ಮಗುವಿಗೆ ನೀನೇ ಆಗುವೆಯಂತೆ ಅಂದೆ. ಅವಳು ದಾರ ಹಲ್ಲಿನಿಂದ ಕತ್ತರಿಸಿ, ಸೂಜಿಯನ್ನು ರವಿಕೆಯ ತೋಳಿಗೆ ಚುಚ್ಚಿ, ನನ್ನ ಮುಖ ನೋಡಿದಳು.

“ಇದು ಅತ್ತೆ ಮಾತೋ, ನಿಮ್ಮ ಮಾತೋ ಮಾವ?”

ನನ್ನದೂ ಒಂದು ಮಾತು ಸೇರಿದೆ ಅಂದೆ. ಸುಳ್ಳು ಹೇಳಲಾಗಲಿಲ್ಲ.

“ಹಂಗಾದ್ರೆ ಕೂತ್ಕೊಳ್ಳಿ,” ಅಂದು ಸ್ಟೂಲು ನನ್ನ ಕಡೆ ತಳ್ಳಿದಳು. “ಸೈತಾನ ಇಲ್ಲ ಅಂತ ನಾನು ಹೇಳಲ್ಲ. ಇದಾನೆ. ನೀವೇ ಕಲಿಸಿದ್ದು, ದೇವರು ಮಾಡಿದ ದೂತ, ಸೊಕ್ಕಿನಿಂದ ಬಿದ್ದ. ಆದ್ರೆ ಬಿದ್ದೋನು ಏನಾದ್ರೂ ಹೊಸದಾಗಿ ಮಾಡಬಲ್ನಾ? ಒಂದು ಗುಂಡಿ ಹೊಲೀಲಾರ ಅವನು. ಹೊಲಿದಿದ್ದನ್ನ ಹರೀತಾನೆ ಅಷ್ಟೆ. ಬಟ್ಟೆ ಇಲ್ದೆ ಬರೀ ಹರಕು ಎಲ್ಲಾದ್ರೂ ಕಂಡಿದೀರಾ? ಈ ಮೈ ದೇವರು ಹೊಲಿದ ಬಟ್ಟೆ. ಎಲ್ಲೋ ಒಂದು ಕಡೆ ನೂಲು ಸಡಿಲ. ಅದಕ್ಕೆ ಕಡೂರಿನ ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ಸೈತಾನನಾಗಿದ್ರೆ ಮಾತ್ರೆಗೆ ಹೆದರ್ತಿದ್ನಾ?”

ಹುಸೇನ್ ಸಾಬರು ಪಂಕ್ಚರ್ ಹುಡುಕಲು ಟ್ಯೂಬನ್ನು ನೀರಿಗೆ ಅದ್ದುತ್ತ ನಕ್ಕರು.

ನಾನು ಸುಮ್ಮನಾಗಬೇಕಿತ್ತು. ಆದರೆ ಉಪದೇಶಿಯ ಕೈಯಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ. ಮಾರ್ಕನ ಸುವಾರ್ತೆಯ ಹುಡುಗನ ಕಥೆ ತೆಗೆದೆ. ಬೆಂಕಿಗೂ ನೀರಿಗೂ ಬೀಳುತ್ತಿದ್ದ ಹುಡುಗ, ನೊರೆ ಕಾರಿ ಹಲ್ಲು ಕಡಿಯುತ್ತಿದ್ದ ಹುಡುಗ. ಅವನೊಳಗಿದ್ದದ್ದನ್ನು ಯೇಸುಸ್ವಾಮಿ ಅಶುದ್ಧಾತ್ಮವೆಂದೇ ಕರೆದು ಓಡಿಸಿದ. ಅದು ಬರೆದಿದೆಯೋ ಇಲ್ಲವೋ ಅಂತ ಕೇಳಿದೆ.

ಬರೆದಿದೆ ಅಂದಳು. ಆ ಕಥೆ ತನಗೂ ಬಾಯಿಪಾಠ ಅಂದಳು. ನಾನು ಪ್ರತಿ ವರ್ಷ ಉಪದೇಶದ ಮಕ್ಕಳ ಮುಂದೆ ಅದನ್ನು ನೆಲಕ್ಕೆ ಬಿದ್ದು ಆಡಿ ತೋರಿಸುವುದನ್ನು, ಮಕ್ಕಳು ಇನ್ನೊಂದ್ಸಲ ಇನ್ನೊಂದ್ಸಲ ಅಂತ ಕೂಗುವುದನ್ನು, ಆಮೇಲೆ ಅದೇ ಮಕ್ಕಳು ಅವಳ ಮಿಷಿನ್ನಿನ ಮುಂದೆ ಬಂದು ನಾಲಿಗೆ ಚಾಚಿ ಕಣ್ಣು ತಿರುಗಿಸಿ ಓಡಿಹೋಗುವುದನ್ನು ಒಂದೊಂದಾಗಿ ಹೇಳಿದಳು. ದನಿ ಏರಿಸಲಿಲ್ಲ. ನನಗೆ ಗೊತ್ತೇ ಇರಲಿಲ್ಲ. ಮಕ್ಕಳಿಗೆ ವಾಕ್ಯ ಮನಸ್ಸಿಗೆ ನಾಟುತ್ತಿದೆ ಅಂತ ಹೆಮ್ಮೆಪಟ್ಟುಕೊಂಡಿದ್ದೆ.

“ನೊರೆವರೆಗೂ ಚೆನ್ನಾಗಿ ಆಡ್ತೀರ,” ಅಂದಳು. “ಅದರ ಮುಂದೆ ಏನೈತೆ? ಜನ ಎಲ್ಲ ಸತ್ತೇಹೋದ ಅಂತಿದ್ರು. ಸ್ವಾಮಿ ಅವನ ಕೈ ಹಿಡಿದು ಎಬ್ಬಿಸಿದ. ಆ ಕೈ ಹಿಡಿದಿದ್ದನ್ನ ಒಂದು ವರ್ಷವಾದ್ರೂ ಆಡಿ ತೋರಿಸಿದೀರಾ? ಅವನೊಳಗೆ ಇದ್ದದ್ದು ಏನೋ, ಓಡಿಸಿದ ಸ್ವಾಮಿಗೆ ಗೊತ್ತು. ನಂಗೆ ಗೊತ್ತಿರೋದು ಒಂದೇ. ಕೈ ಹಿಡಿಯೋರು ಒಂದು ಕಡೆ, ಆಚೆ ತಳ್ಳೋರು ಇನ್ನೊಂದು ಕಡೆ. ನೀವು ಯಾವ ಕಡೆಯಿಂದ ಬಂದ್ರಿ ಮಾವ ಇವತ್ತು?”

ಹುಸೇನ್ ಸಾಬರು ಟ್ಯೂಬು ಒರೆಸುತ್ತ, ಯಾರಿಗೂ ಹೇಳದವರ ಹಾಗೆ ಹೇಳಿದರು: “ಹಜ್‌ಗೆ ಹೋದೋರು ನಮ್ಮಲ್ಲೂ ಶೈತಾನನಿಗೆ ಕಲ್ಲು ಹೊಡೀತಾರೆ ಉಪದೇಶಿಗಳೇ. ಹೊಡೆಯೋದು ಕಂಬಕ್ಕೆ. ಮನುಷ್ಯರಿಗಲ್ಲ.”

ಮನೆಗೆ ಹೋಗಿ ಸುವಾರ್ತೆ ಬಿಡಿಸಿ ನೋಡಿದೆ. ಕೈ ಹಿಡಿದು ಎತ್ತಿದನು ಅಂತ ಇತ್ತು. ಹತ್ತು ಹನ್ನೆರಡು ವರ್ಷ ಹೇಳಿದ ಕಥೆಯಲ್ಲಿ ಆ ಸಾಲಿನ ಮೇಲೆ ನಾನು ಒಂದು ಸಲವೂ ನಿಂತಿರಲಿಲ್ಲ.

ಭಾನುವಾರ ಫಾದರ್ ಸಲ್ದಾನ ತಮ್ಮ ಹಳೆಯ ಮೋಟಾರ್ ಸೈಕಲ್ಲಿನಲ್ಲಿ ಧೂಳು ತುಂಬಿಕೊಂಡು ಬಂದರು. ಮಂಗಳೂರಿನ ಕಡೆಯವರು, ಎತ್ತರದ ಆಳು, ಮಾತಿಗೆ ಮುಂಚೆ ಒಂದು ನಿಟ್ಟುಸಿರು. ಪೂಜೆಗೆ ಇನ್ನೂ ಅರ್ಧ ಗಂಟೆ ಇತ್ತು. ಚರ್ಚಿನ ಮುಂದಿನ ಬೇವಿನ ಮರದ ಕೆಳಗೆ ಮದಲೇನಮ್ಮ ಅವರನ್ನು ಹಿಡಿದು ಎಲ್ಲವನ್ನೂ ಹೇಳಿದರು. ಉಪದೇಶಿಗಳೇ ಹೇಳಿದ್ದಾರೆ ಅಂತ ನನ್ನ ಮಾತನ್ನೂ ಸೇರಿಸಿದರು. ರಾಯಪ್ಪ ತಲೆತಗ್ಗಿಸಿ ನಿಂತಿದ್ದ. ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಯ ಮೇಲೆ ಹಾರೆ ಹಿಡಿದರೆ ಇಬ್ಬರ ಕೆಲಸ ಮಾಡುವವನು, ಅತ್ತೆಯ ಮುಂದೆ ಮಾತ್ರ ಬಾಯಿ ಬಿಡುವವನಲ್ಲ. ಸೆಲಿನಾ ಮಗುವನ್ನು ಎದೆಗೊತ್ತಿಕೊಂಡು ಒಮ್ಮೆ ತಾಯಿಯನ್ನೂ ಒಮ್ಮೆ ನಾದಿನಿಯನ್ನೂ ನೋಡುತ್ತಿದ್ದಳು.

“ಇದೆಂತ ಗಲಾಟೆ ಮಾರಾಯ್ರೇ,” ಅಂದರು ಫಾದರ್. ಜ್ಞಾನಸ್ನಾನ ಕೊಡುವುದು ಕ್ರಿಸ್ತ, ನೀರು ಹುಯ್ಯುವ ಕೈ ಮಾತ್ರ ತನ್ನದು, ಉತ್ತರ ಹೇಳುವ ಬಾಯಿ ಯಾರದಾದರೂ ಅದು ಕೆಡುವುದಿಲ್ಲ ಅಂತ ವಿವರಿಸಿದರು. ಮದಲೇನಮ್ಮ ಒಪ್ಪಲಿಲ್ಲ. ಹಾಗಿದ್ದರೆ ಮಗುವನ್ನು ವಾಪಸು ಕರೆದುಕೊಂಡು ಹೋಗುತ್ತೇನೆ, ತರೀಕೆರೆಯಲ್ಲೇ ಆಗಲಿ, ಜ್ಞಾನತಾಯಿಯನ್ನು ನಾವೇ ನೋಡಿಕೊಳ್ಳುತ್ತೇವೆ ಅಂದರು. ಚೀಲ ಹೆಗಲಿಗೇರಿತು.

ಆಗ ಫಿಲೋಮಿನಾ ಮುಂದೆ ಬಂದಳು. ನೀಲಿ ಅಂಚಿನ ಸೀರೆ ಉಟ್ಟಿದ್ದಳು, ಬಿಳಿ ಅಂಗಿ ಮಡಿಸಿ ಕೈಯಲ್ಲಿ ಹಿಡಿದಿದ್ದಳು.

“ಅತ್ತೆ, ಒಂದು ಕೇಳ್ತೀನಿ. ನನ್ನೊಳಗೆ ಅವನೇ ಇದಾನೆ, ಮಾತಾಡೋನೂ ಅವನೇ ಅಂತ ಇಟ್ಕೊಳ್ಳಿ. ಸೈತಾನನನ್ನ ತ್ಯಜಿಸ್ತೀನಿ ಅಂತ ಸೈತಾನನೇ ಹೇಳಿದ್ರೆ ಅವನ ಮನೆ ಉಳಿಯುತ್ತಾ? ತನ್ನ ಮೇಲೆ ತಾನೇ ತಿರುಗಿಬಿದ್ದ ಮನೆ ನಿಲ್ಲಲ್ಲ ಅಂತ ಸ್ವಾಮಿನೇ ಹೇಳವ್ನೆ. ಅವನು ಹೇಳಿದ್ರೆ ಅವನು ಕೆಟ್ಟ. ನಾನು ಹೇಳಿದ್ರೆ ಅವನು ಸೋತ. ಎರಡರಲ್ಲಿ ಯಾವುದಕ್ಕೆ ನಿಮಗೆ ಭಯ?”

“ಬಾಯಿ ಮಾಡ್ತಾಳೆ ನೋಡಿ ಫಾದರ್, ಇದು ಹೆಣ್ಣಿನ ಮಾತಾ?” ಅಂದರು ಮದಲೇನಮ್ಮ.

“ಹೆಣ್ಣಿನ ಮಾತೇ,” ಅಂದಳು ಫಿಲೋಮಿನಾ. “ನಿಮ್ಮ ಹೆಸರಿನ ಸಂತಮ್ಮ ಇದಾಳಲ್ಲ, ಮಗ್ದಲದ ಮರಿಯ, ಅವಳಿಂದ ಏಳು ದೆವ್ವ ಹೋದ್ವು ಅಂತ ಬರೆದೈತೆ. ಸಮಾಧಿ ಹತ್ರ ಸ್ವಾಮಿ ಮೊದಲು ಕಾಣಿಸ್ಕೊಂಡಿದ್ದು ಯಾರಿಗೆ? ಅವಳ ಮಾತನ್ನೂ ಆವತ್ತು ಯಾರೂ ನಂಬಲಿಲ್ಲ. ಇನ್ನೊಂದು ಹೇಳ್ತೀನಿ. ವಿಶ್ವಾಸ ಪ್ರಮಾಣ ದಿನಾ ಹೇಳ್ತೀವಲ್ಲ, ದೇವರನ್ನ ನಂಬ್ತೀನಿ ಅಂತ, ಪವಿತ್ರಾತ್ಮನನ್ನ ನಂಬ್ತೀನಿ ಅಂತ. ಅದರಲ್ಲಿ ಸೈತಾನನನ್ನ ನಂಬ್ತೀನಿ ಅಂತ ಎಲ್ಲೈತೆ? ಅವನು ಇರೋನು ಹೌದು, ನಾವು ನಂಬಬೇಕಾದೋನಲ್ಲ. ಅವನ ಹೆಸರು ಬರೋದು ತ್ಯಜಿಸೋ ಕಡೆ ಮಾತ್ರ. ಜಪಕೂಟದಲ್ಲಿ ಯಾರೋ ಕೂಗಿದ್ದಕ್ಕೆ ನೀವು ಅವನನ್ನ ನಂಬೋಕೆ ಶುರು ಮಾಡಿದೀರ. ಹಗಲೂ ರಾತ್ರಿ ದೇವರ ಮುಂದೆ ನಮ್ಮ ಮೇಲೆ ದೂರು ಹೇಳೋನು ಅವನು ಅಂತ ಗ್ರಂಥದ ಕೊನೇಲಿ ಬರೆದೈತೆ. ನಿನ್ನೆಯಿಂದ ನನ್ನ ಮೇಲೆ ದೂರು ಹೇಳ್ತಿರೋರು ಯಾರು, ನೀವೇ ಯೋಚನೆ ಮಾಡಿ.”

ಆ ಮಾತು ಹೆಚ್ಚಾಯಿತು ಅಂತ ನನಗೂ ಅನ್ನಿಸಿತು. ಮದಲೇನಮ್ಮನ ಕಣ್ಣಲ್ಲಿ ನೀರು ಬಂತು.

ಫಿಲೋಮಿನಾ ಸ್ವಲ್ಪ ತಗ್ಗಿದಳು. ಏಳನೇ ವಯಸ್ಸಿನಲ್ಲಿ ತಾನು ಮೊದಲ ಸಲ ಬಿದ್ದದ್ದು ಎಮ್ಮೆದೊಡ್ಡಿಯ ಕಾವಲಿನ ಹುಲ್ಲಿನಲ್ಲಿ, ಅಮೃತಮಹಲ್ ದನಗಳ ನಡುವೆ. ಆ ಕೊಂಬಿನ ದನಗಳು ಸುತ್ತ ನಿಂತು ಮೂಸಿ ನೋಡುತ್ತಿದ್ದವಂತೆ, ಒಂದೂ ತುಳಿಯಲಿಲ್ಲವಂತೆ. ಅಪ್ಪ ಸಾಯುವವರೆಗೂ ಅದನ್ನೇ ಹೇಳುತ್ತಿದ್ದ ಅಂದಳು. ಆಮೇಲೆ ಅತ್ತೆಯ ಹತ್ತಿರ ಹೋಗಿ ನಿಂತಳು. “ನಿಮ್ಮ ಭಯ ಮಗೂದು ಅಂತ ನಂಗೂ ಗೊತ್ತು. ಒಂದು ಮಾತು ಕೊಡ್ತೀನಿ. ಬೀಳೋ ಮುಂಚೆ ನಂಗೆ ಸುಟ್ಟ ಹಾಲಿನ ವಾಸನೆ ಬರುತ್ತೆ. ಬಂದ ಕ್ಷಣ ಮಗೂನ ನಿಮ್ಮ ಕೈಗೇ ಕೊಡ್ತೀನಿ, ಇನ್ಯಾರ ಕೈಗೂ ಅಲ್ಲ. ನಾನು ಎದ್ದ ಮೇಲೆ ನೀವು ವಾಪಸ್ ಕೊಡಬೇಕು. ಆಗುತ್ತಾ?”

ಫಾದರ್ ಮದಲೇನಮ್ಮನ ಮುಖ ನೋಡಿದರು. ಮದಲೇನಮ್ಮ ಹೆಗಲಿನ ಚೀಲ ಕೆಳಗಿಳಿಸಿ ಹೂಂ ಅಂದರು. ಹೂಂ ಅಂದದ್ದು ಅವಳು ಬೀಳುವುದಿಲ್ಲ ಅಂತಲೋ, ಬಿದ್ದರೆ ತನ್ನ ಮಾತೇ ಗೆದ್ದಂತೆ ಅಂತಲೋ, ನಾನು ಹೇಳಲಾರೆ.

ಪೂಜೆ ಆಯಿತು. ಎಲ್ಲರೂ ತೊಟ್ಟಿಯ ಸುತ್ತ ಸೇರಿದರು. ಆ ತೊಟ್ಟಿಯ ಕಟ್ಟೆ ನಾನೇ ಕಟ್ಟಿದ್ದು. ಫಿಲೋಮಿನಾ ಮಗುವನ್ನೆತ್ತಿಕೊಂಡು ನಿಂತಳು. ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ ಮದಲೇನಮ್ಮ. ಹೊರಗೆ ಬಿಸಿಲೇರಿತ್ತು, ಒಳಗೆ ಮೇಣದ ಬತ್ತಿಯ ಹೊಗೆ.

“ಸೈತಾನನನ್ನು ತ್ಯಜಿಸುತ್ತೀಯಾ?”

“ತ್ಯಜಿಸುತ್ತೇನೆ.”

“ಅವನ ಕೆಲಸಗಳನ್ನೆಲ್ಲ ತ್ಯಜಿಸುತ್ತೀಯಾ?”

“ತ್ಯಜಿಸುತ್ತೇನೆ.”

ಫಾದರ್ ಮೂರನೆಯದನ್ನು ಕೇಳಿದರು. ಉತ್ತರ ಬರಲಿಲ್ಲ. ಫಿಲೋಮಿನಾಳ ಮೂಗಿನ ಹೊಳ್ಳೆ ಅರಳಿತು. ತಿರುಗಿ, ಮದಲೇನಮ್ಮನ ತೋಳಿಗೆ ಮಗುವನ್ನು ಇಟ್ಟಳು. ತಲೆಯ ಕೆಳಗೆ ಅವರ ಕೈ ಬಂತೋ ಇಲ್ಲವೋ ಅಂತ ನೋಡಿದಳು. ಆಮೇಲೆ ತಾನೇ ನೆಲಕ್ಕೆ ಕೂತಳು, ಬಿದ್ದಳು.

ಜನ ಹಿಂದೆ ಸರಿದರು. ಕಬ್ಬಿಣ ಕೊಡ್ರೀ ಕೈಗೆ, ಬೀಗದಕೈ ಕೊಡ್ರೀ ಅಂತ ಯಾರೋ ಕೂಗಿದರು. ಚರ್ಚಿನ ಬೀಗದಕೈ, ಗೇಣುದ್ದದ್ದು, ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಜೇಬಿಗೆ ಹಾಕಿದೆ. ಟವೆಲು ಮಡಿಸಿ ಅವಳ ತಲೆಯ ಕೆಳಗಿಟ್ಟೆ. ಮಗ್ಗುಲಿಗೆ ತಿರುಗಿಸಬೇಕು ಅಂತ ಡಾಕ್ಟರು ಹೇಳಿದ್ದನ್ನು ಅವಳೇ ಎಂದೋ ನನಗೆ ಹೇಳಿದ್ದಳು, ಹಾಗೇ ತಿರುಗಿಸಿದೆ. ಸೆಟೆದಿದ್ದ ಮೈ ಸಡಿಲವಾದ ಮೇಲೆ ಅವಳ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತೆ. ಹಿಡಿದದ್ದು ಅಷ್ಟೇ. ಉಪದೇಶದ ಮಕ್ಕಳೆಲ್ಲ ಕಂಬದ ಹಿಂದಿನಿಂದ ನೋಡುತ್ತಿದ್ದರು. ಈ ಸಲ ಯಾರೂ ನಗಲಿಲ್ಲ.

ಫಾದರ್ ಪುಸ್ತಕ ಮುಚ್ಚಲಿಲ್ಲ. ಪುಟದ ನಡುವೆ ಬೆರಳಿಟ್ಟುಕೊಂಡು ಮುಂದಿನ ಬೆಂಚಿನ ಮೇಲೆ ಕೂತರು.

“ನೋಡಿದ್ರಾ ಉಪದೇಶಿಗಳೇ,” ಅಂದರು ಮದಲೇನಮ್ಮ. ಮಗು ಅವರ ತೋಳಿನಲ್ಲಿತ್ತು. “ನೀವೇ ಹೇಳಿದ್ರಿ. ಒಳಗಿರೋನು ಒಪ್ಪಲಿಲ್ಲ.”

“ಹೇಳಿದ್ದು ನಾನೇ ಅಮ್ಮ. ತಪ್ಪು ಹೇಳಿದೆ,” ಅಂದೆ, ಎಲ್ಲರಿಗೂ ಕೇಳುವ ಹಾಗೆ. “ಬೀಳ್ತೀನಿ ಅಂತ ಗೊತ್ತಾದ ಕ್ಷಣ ತನ್ನ ತಲೆ ನೋಡ್ಕೊಳ್ಳಲಿಲ್ಲ ಇವಳು. ಮಗೂ ತಲೆ ನೋಡಿದ್ಲು. ಅದು ಅವನ ಕೆಲಸ ಅಂತೀರಾ? ಅವನಿಗೆ ಅಷ್ಟು ಒಳ್ಳೇತನ ಇದ್ದಿದ್ರೆ ನಾವು ಅವನನ್ನ ಯಾಕೆ ತ್ಯಜಿಸಬೇಕಿತ್ತು?”

ಬಾಗಿಲು ತೆರೆದೇ ಇತ್ತು, ಮದಲೇನಮ್ಮ ಹೋಗಬಹುದಿತ್ತು. ಹೋಗಲಿಲ್ಲ. ರಾಯಪ್ಪ ಬಂದು ಅಕ್ಕನ ಕಾಲ ಹತ್ತಿರ ಕೂತು ಸೀರೆಯ ಅಂಚನ್ನು ಪಾದದವರೆಗೂ ಎಳೆದು ಮುಚ್ಚಿದ. ಮಗು ಒಮ್ಮೆ ಅತ್ತು ಸುಮ್ಮನಾಯಿತು.

ಕಾಲು ಗಂಟೆಗೂ ಮೇಲಾಗಿತ್ತು. ಫಿಲೋಮಿನಾ ಕಣ್ಣು ಬಿಟ್ಟು, ಎಲ್ಲಿದ್ದೇನೆ ಅಂತ ಸ್ವಲ್ಪ ಹೊತ್ತು ಹುಡುಕಿ, ನನ್ನ ಕೈಯನ್ನು ನೋಡಿದಳು. ನಾನು ಎಬ್ಬಿಸಿದೆ. ಸೆಲಿನಾ ತಂದುಕೊಟ್ಟ ನೀರಿನಲ್ಲಿ ಮುಖ ತೊಳೆದು, ಬಾಯಿ ಒರೆಸಿಕೊಂಡು, ಸೆರಗು ಸರಿಮಾಡಿ, ತೊಟ್ಟಿಯ ಮುಂದೆ ಬಂದು ನಿಂತಳು. ತೊಟ್ಟಿಯ ಕಟ್ಟೆಗೆ ಒರಗಿದಳು. ಎರಡೂ ಕೈ ಚಾಚಿದಳು, ಕೇಳಲಿಲ್ಲ, ಬರೀ ಚಾಚಿದಳು.

ಮದಲೇನಮ್ಮ ಆ ಕೈಗಳನ್ನು ನೋಡುತ್ತ ನಿಂತರು. ಆಮೇಲೆ ಮಗುವನ್ನು ಕೊಟ್ಟರು. ಕೊಟ್ಟು, ತಮ್ಮ ಒಂದು ಕೈಯನ್ನು ಮಗುವಿನ ಬೆನ್ನ ಕೆಳಗೇ ಬಿಟ್ಟರು.

“ಎಲ್ಲಿಗೆ ನಿಂತಿತ್ತು ಫಾದರ್?” ಅಂತ ಫಿಲೋಮಿನಾ ಕೇಳಿದಳು.

“ಮೂರನೆಯದಕ್ಕೆ,” ಅಂದರು ಫಾದರ್, ಬೆರಳಿಟ್ಟ ಪುಟ ಬಿಡಿಸುತ್ತ. “ಅವನ ಪೊಳ್ಳು ಮಾತುಗಳನ್ನೆಲ್ಲ ತ್ಯಜಿಸುತ್ತೀಯಾ?”

“ಅದನ್ನಂತೂ ತ್ಯಜಿಸುತ್ತೇನೆ,” ಅಂದಳು ಫಿಲೋಮಿನಾ. ಪುಸ್ತಕದಲ್ಲಿ ಇಲ್ಲದ ಆ ಒಂದು ಪದವನ್ನು ಫಾದರ್ ತಿದ್ದಲಿಲ್ಲ. ನೀರು ಸುರಿದರು. ಮಗು ಚರ್ಚು ಹಾರಿಹೋಗುವ ಹಾಗೆ ಕಿರುಚಿತು.

ಮಧ್ಯಾಹ್ನದ ಊಟವಾದ ಮೇಲೆ ತರೀಕೆರೆ ಬಸ್ಸಿಗೆ ಎಲ್ಲರೂ ಬಂದೆವು. ಬಾಣಂತನ ಮುಗಿಯುವವರೆಗೆ ಮಗು ಅಜ್ಜಿಯ ಮನೆಯಲ್ಲೇ ಇರಬೇಕು. ಮದಲೇನಮ್ಮ ಹುಸೇನ್ ಸಾಬರ ಅಂಗಡಿಯ ನೆರಳಿನಲ್ಲಿ ನಿಂತು, ಫಿಲೋಮಿನಾಳ ಕಡೆ ನೋಡದೆ ಹೇಳಿದರು: “ಮೂರನೇ ಸಲ ಮಾತಾಡಿದ್ದು ಯಾರು ಅಂತ ಆ ದೇವರಿಗೇ ಗೊತ್ತು.”

“ಹೂಂ ಅತ್ತೆ. ಅವನಿಗೆ ಗೊತ್ತಿದ್ರೆ ಸಾಕು,” ಅಂದಳು ಫಿಲೋಮಿನಾ.

ಬಸ್ಸು ಬಂತು. ಮದಲೇನಮ್ಮ, ಸೆಲಿನಾ ಮಗುವಿನೊಂದಿಗೆ ಹತ್ತಿ ಕಿಟಕಿಯ ಪಕ್ಕ ಕೂತರು. ಬಸ್ಸು ಹತ್ತು ಮಾರು ಹೋಗುವಷ್ಟರಲ್ಲಿ ಕಿಟಕಿಯಿಂದ ಲೇಸಿನ ಟೋಪಿ ಧೂಳಿಗೆ ಬಿತ್ತು. ಹುಸೇನ್ ಸಾಬರು ಸಿಳ್ಳೆ ಹಾಕಿದರು, ಬಸ್ಸು ನಿಂತಿತು. ಫಿಲೋಮಿನಾ ಟೋಪಿ ಎತ್ತಿಕೊಂಡು, ಕೊಡವಿ, ರಸ್ತೆಯ ನಡುವೆಯೇ ನಡೆದಳು. ಡ್ರೈವರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಅವಳು ಓಡಲಿಲ್ಲ. ಕಿಟಕಿಯ ಕೆಳಗೆ ನಿಂತಾಗ ಮದಲೇನಮ್ಮ ಮಗುವನ್ನು ಕಂಬಿಗಳ ಹತ್ತಿರ ತಂದು ಹಿಡಿದರು. ಫಿಲೋಮಿನಾ ಕೈ ಒಳಗೆ ಹಾಕಿ ಟೋಪಿ ತೊಡಿಸಿ, ಗಲ್ಲದ ಕೆಳಗೆ ಲಾಡಿ ಕಟ್ಟಿದಳು. ಸಡಿಲವಾಯಿತು ಅನ್ನಿಸಿರಬೇಕು, ಬಿಚ್ಚಿ ಇನ್ನೊಮ್ಮೆ ಕಟ್ಟಿದಳು.